ಅಪ್ಪನಿಗೆ ಕೊಟ್ಟ ಕೆಂಪು ಪುಡಿ

ಹೊಸೂರಿನಲ್ಲಿ ನಾನು ಸೇರಿದ್ದ ಜಿಮ್ಮು ಒಂದು ತಗಡಿನ ಶೆಡ್ಡು. ಹಿಂದೆ ಅಲ್ಲಿ ಲೇತ್ ಮಷೀನು ಇತ್ತಂತೆ. ನೆಲದ ಮೇಲಿನ ಎಣ್ಣೆಯ ಕಲೆ ಇನ್ನೂ ಹೋಗಿರಲಿಲ್ಲ. ತಮಿಳು ಸೀಮೆಯ ನಮ್ಮ ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿತ್ತು. ನನಗೆ ಆಗ ಇಪ್ಪತ್ತಮೂರು. ಬೈಕಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೊದಲ ಶಿಫ್ಟು ಮುಗಿಸಿ, ಯೂನಿಫಾರ್ಮಿನಲ್ಲೇ ನೇರ ಅಲ್ಲಿಗೆ ಹೋಗುತ್ತಿದ್ದೆ. ಕನ್ನಡಿಯ ಮುಂದೆ ನಿಂತು ನನ್ನ ತೋಳನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ.

ಅಪ್ಪ ಜವಳಗಿರಿ ಕಡೆಯ ಹಳ್ಳಿಯಿಂದ ಬಂದು, ಹೊಸೂರಿನ ತರಕಾರಿ ಮಂಡಿಯಲ್ಲಿ ವಯಸ್ಸೆಲ್ಲ ಮೂಟೆ ಹೊತ್ತವನು. ಕೋಸು, ಆಲೂಗಡ್ಡೆ, ಟೊಮೇಟೊ ಕ್ರೇಟು. ಬಲ ಹೆಗಲಿನ ಮೇಲೆ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಒಮ್ಮೆ ಮನೆಯ ಬೀಗದ ಕೈ ಕೊಡಲು ಜಿಮ್ಮಿಗೆ ಬಂದವನು ಬಾಗಿಲಲ್ಲೇ ನಿಂತು ನಾನು ಕಬ್ಬಿಣ ಎತ್ತುವುದನ್ನು ನೋಡಿದ.

"ಅಷ್ಟು ಕಷ್ಟಪಟ್ಟು ಎತ್ತೀಯ, ಎಲ್ಲಿಗೂ ಒಯ್ಯಾಕಿಲ್ವೇನ್ಲಾ? ಎತ್ಕಂಡ ಜಾಗ್ದಾಗೇ ಇಡ್ತೀಯಲ್ಲ!"

ಕನ್ನಡ ಬಾರದವರೂ ನಕ್ಕರು. ನನಗೆ ಎಷ್ಟು ಕೋಪ ಬಂತೆಂದರೆ ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂಟೆ ಹೊರುವವನಿಗೆ ಇದೆಲ್ಲ ಏನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಬರೆಯುತ್ತಿದ್ದೇನೆ.

ಆ ವರ್ಷವೇ ಅಪ್ಪ ಟೊಮೇಟೊ ಕ್ರೇಟಿನ ಜೊತೆಗೆ ಲಾರಿಯ ಪಕ್ಕ ಕುಸಿದು ಕೂತ. ಎದೆ ನೋವು. ಕೃಷ್ಣಗಿರಿಯಲ್ಲಿ ಹೃದಯದ ಡಾಕ್ಟರೊಬ್ಬರಿದ್ದರು, ಅಲ್ಲಿಗೆ ಕರೆದುಕೊಂಡು ಹೋದೆ. ಅವರು ತಮಿಳರು. ಅಪ್ಪನ ತಮಿಳು ಮಂಡಿಯ ತಮಿಳು. ತೂಕಕ್ಕೆ, ಟೀಗೆ, ಬೈಗುಳಕ್ಕೆ ಸಾಕಾಗುತ್ತಿತ್ತು, ಡಾಕ್ಟರ ಮುಂದೆ ಬಾಯಿಂದ ಹೊರಡುತ್ತಿರಲಿಲ್ಲ. ಹಾಗಾಗಿ ಇಬ್ಬರ ನಡುವೆ ನಾನೇ ನಿಂತು ಅವರ ಮಾತನ್ನು ಇವನಿಗೆ, ಇವನ ಮಾತನ್ನು ಅವರಿಗೆ ದಾಟಿಸುತ್ತಿದ್ದೆ. ಇನ್ನು ಮೇಲೆ ಭಾರ ಎತ್ತಬಾರದು ಎಂದರು. ಬೆಳಿಗ್ಗೆ ಸಂಜೆಗೆ ಮಾತ್ರೆ ಬರೆದರು. ಅದಲ್ಲದೆ ಒಂದು ಚಿಕ್ಕ ಕಂದು ಬಾಟಲಿ ಕೊಡಿಸಿದರು, ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಮಾತ್ರೆಗಳು. ಎದೆ ಹಿಡಿದಾಗ ಕೂತುಕೊಂಡು ನಾಲಿಗೆಯ ಕೆಳಗೆ ಒಂದನ್ನು ಇಟ್ಟುಕೊಳ್ಳಬೇಕು.

"ರತ್ತ ಕುಳಾಯ್ ವಿರಿಯುಂ" ಎಂದರು ಡಾಕ್ಟರು.

"ರಕ್ತದ ನಾಳ ಅಗ್ಲ ಆಯ್ತದಂತಪ್ಪ" ಎಂದೆ ನಾನು.

ಮಂಡಿಯ ಯಜಮಾನರು ಒಳ್ಳೆಯವರು, ಅಪ್ಪನನ್ನು ತಕ್ಕಡಿಯ ಪಕ್ಕ ಕೂರಿಸಿದರು. ಕೂತು ಮಾಡುವ ಕೆಲಸ. ಆದರೂ ಅವನು ಹೆಗಲ ಮೇಲಿನ ಟವೆಲನ್ನು ಮೂಟೆ ಹೊರುವವರ ಹಾಗೆ ಸಿಂಬಿ ಸುತ್ತಿಕೊಂಡೇ ಹೋಗುತ್ತಿದ್ದ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. "ನನ್ ವಯಸ್ಸಿನೋರೆಲ್ಲ ಹೊರ್ತಾವ್ರೆ, ನಾನ್ ಕುಂತ್ಕಂಡು ನೋಡ್ತಾ ಇವ್ನಿ" ಎಂದು ಒಮ್ಮೆ ಅಮ್ಮನಿಗೆ ಹೇಳಿದ. ಅವನ ದನಿಯಲ್ಲಿ ಅಷ್ಟು ಸೋಲನ್ನು ನಾನು ಮೊದಲು ಕೇಳಿರಲಿಲ್ಲ.

ಅದೇ ಸಮಯಕ್ಕೆ ನಮ್ಮ ಜಿಮ್ಮಿನ ಮಾಸ್ಟರು ಬೆಂಗಳೂರಿನಿಂದ ದೊಡ್ಡ ಕಪ್ಪು ಡಬ್ಬಗಳನ್ನು ತಂದರು. ನೈಟ್ರಿಕ್ ಆಕ್ಸೈಡ್ ಪುಡಿ, ಕೆಂಪು ಬಣ್ಣ, ಹುಳಿಹುಳಿ ಹಣ್ಣಿನ ರುಚಿ. ನೀರಿಗೆ ಒಂದು ಚಮಚ ಹಾಕಿ ಕುಡಿದು ಅರ್ಧ ಗಂಟೆ ಬಿಟ್ಟು ಕಬ್ಬಿಣ ಹಿಡಿದರೆ ಕಿವಿ ಬಿಸಿಯಾಗಿ, ತೋಳು ಬಿಗಿದು, ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು. ಒಂದೆರಡು ಗಂಟೆಯಲ್ಲಿ ಎಲ್ಲ ಇಳಿದುಹೋಗುತ್ತಿತ್ತು, ಅದು ಬೇರೆ ಮಾತು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಯಾರೋ ಕೇಳಿದಾಗ ಮಾಸ್ಟರು ಹೇಳಿದರು: "ರತ್ತ ಕುಳಾಯ್ ವಿರಿಯುಂ."

ಡಾಕ್ಟರು ಹೇಳಿದ ಅವೇ ಮೂರು ಮಾತು. ನನಗೆ ಮೈ ಜುಮ್ಮೆಂದಿತು. ಡಾಕ್ಟರದು ಸಾಸಿವೆಯಷ್ಟು ಮಾತ್ರೆ, ಇದು ಚಮಚದ ತುಂಬ ಪುಡಿ. ಅದು ನೋವಿಗೆ, ಇದು ಬಲಕ್ಕೆ. ಎರಡೂ ಮಾಡುವುದು ಒಂದೇ ಕೆಲಸವಾದರೆ ಅಪ್ಪನಿಗೆ ಇದನ್ನೂ ಕೊಟ್ಟರೆ ಬೇಗ ಹುಷಾರಾಗುತ್ತಾನಲ್ಲ ಎಂದು ಲೆಕ್ಕ ಹಾಕಿದೆ. ಯಾರನ್ನೂ ಕೇಳಲಿಲ್ಲ. ಡಬ್ಬದ ಹಿಂದೆ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ, ಹೃದಯದ ತೊಂದರೆ ಇರುವವರು ಇದನ್ನು ತೆಗೆದುಕೊಳ್ಳಬಾರದು ಎಂದು ಬರೆದಿತ್ತು. ನಾನು ಡಿಪ್ಲೊಮಾ ಓದಿದವನು. ಆದರೆ ಡಬ್ಬದ ಮುಂದಿದ್ದ ಮೈಕಟ್ಟಿನ ಚಿತ್ರವನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಲೋಟದಲ್ಲಿ ಕಲಸಿ ಕೊಟ್ಟೆ. ಅಪ್ಪ ಏನು ಎತ್ತ ಎಂದು ಕೇಳದೆ ಒಂದೇ ಗುಟುಕಿಗೆ ಕುಡಿದ.

"ಸರ್ಬತ್ ಇದ್ದಂಗೈತೆ ಕಣ್ಲಾ" ಎಂದ.

"ಶಕ್ತಿಗೆ ಕಣಪ್ಪ. ದಿನಾ ಕುಡಿ."

ಐದು ದಿನ ಕುಡಿದ. ಮೈ ಬೆಚ್ಚಗೆ ಅನ್ನಿಸುತ್ತದೆ, ಕೈಗೆ ರಕ್ತ ಬಂದಂತಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡ. ಆ ಜಿಮ್ಮಿನಿಂದ ನಾನು ತಂದ ಒಂದು ವಸ್ತುವನ್ನಾದರೂ ಅಪ್ಪ ಮೆಚ್ಚಿದನಲ್ಲ ಎಂದು ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಪುಡಿಯ ನೀರು ಕುಡಿದು, ಯಾರೂ ನೋಡದಾಗ ಬೀದಿಯ ನಲ್ಲಿಗೆ ಹೋಗಿ ಒಂದೊಂದು ಕೈಗೆ ಒಂದೊಂದು ಕೊಡ ತುಂಬಿಕೊಂಡು ಬಂದ. ಬಲ ಬಂದಿದೆ ಎಂಬ ಧೈರ್ಯ. ಹಿತ್ತಲಿಗೆ ಬರುವಷ್ಟರಲ್ಲಿ ಎದೆ ಹಿಡಿಯಿತು. ಕೊಡ ಇಳಿಸಿ, ಜೇಬಿನ ಬಾಟಲಿ ತೆಗೆದು, ನಿಂತಲ್ಲೇ ಬಿಳಿ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದ. ಸದ್ದಿಗೆ ಓಡಿಬಂದೆ. ಹಣೆ ಒಡೆದು ರಕ್ತ, ಮೈಯೆಲ್ಲ ತಣ್ಣನೆಯ ಬೆವರು, ತುಟಿಯಲ್ಲಿ ಬಣ್ಣವೇ ಇಲ್ಲ. ಅಪ್ಪ ಸತ್ತ ಎಂದೇ ತಿಳಿದೆ. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟು ದಿನ ಕನ್ನಡಿಯಲ್ಲಿ ನೋಡಿಕೊಂಡ ತೋಳಿನಿಂದ ಅವನ ಹಣೆಯ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಿದ್ದೆ.

ಹತ್ತಿರದ ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿ, ಗ್ಲೂಕೋಸ್ ಏರಿಸಿ, ಬಿ.ಪಿ. ತೀರಾ ಇಳಿದುಹೋಗಿತ್ತು ಎಂದರು. ನಿಮ್ಮ ಹೃದಯದ ಡಾಕ್ಟರಿಗೆ ತೋರಿಸಿ ಎಂದು ಮರುದಿನ ಕಳಿಸಿದರು.

ಕೃಷ್ಣಗಿರಿಯ ಡಾಕ್ಟರು ಚೀಟಿಯನ್ನೆಲ್ಲ ಓದಿ ನನ್ನ ಕಡೆ ತಿರುಗಿದರು. "ವೇರ ಏದಾವದು ಸಾಪ್ಟಾರಾ?"

ನಾನು ಅಪ್ಪನಿಗೆ ಹೇಳಿದೆ: "ಮಾತ್ರೆ ಬಿಟ್ಟು ಬ್ಯಾರೆ ಏನಾರ ತಗಂಡಿದ್ರಾ ಅಂತ ಕೇಳ್ತಾವ್ರೆ."

ಉತ್ತರ ಗೊತ್ತಿದ್ದವನು ನಾನು. ನನ್ನ ಕೈಯಾರೆ ಕಲಸಿ ಕೊಟ್ಟವನು ನಾನು. ಆದರೂ ಏನೂ ಅರಿಯದವನಂತೆ ಆ ಪ್ರಶ್ನೆಯನ್ನು ಅಪ್ಪನ ಮುಂದಿಟ್ಟೆ. ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಏನೂ ಇಲ್ಲ ಅನ್ನು" ಎಂದ.

"ಇಲ್ಲೆ ಸಾರ್" ಎಂದೆ ನಾನು.

ಹಾಗಾದರೆ ಆ ಬಿಳಿ ಮಾತ್ರೆಯೇ ಇವರ ಮೈಗೆ ಒಗ್ಗುತ್ತಿಲ್ಲ, ಸದ್ಯಕ್ಕೆ ನಿಲ್ಲಿಸಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು ಡಾಕ್ಟರು. ಅದನ್ನೂ ಅಪ್ಪನಿಗೆ ಹೇಳಿದೆ.

ಹೊಸೂರಿನ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಅಪ್ಪ ಸ್ವಲ್ಪ ದೂರ ಹೋದ ಮೇಲೆ ಜೇಬಿನಿಂದ ಕಂದು ಬಾಟಲಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಇನ್ಯಾಕಿದು, ನೀನೇ ಮಡಿಕ್ಕ."

"ಎದೆ ಹಿಡಿದ್ರೆ?"

"ಹಿಡಿದ್ರೆ ಹಿಡೀತದೆ. ಏನ್ ಮಾಡಾಕಾಯ್ತದೆ?" ಎಂದು ಹೊರಗೆ ನೋಡತೊಡಗಿದ.

ಬಾಟಲಿಗೆ ಅವನ ಮೈಯ ಬಿಸಿ ಇನ್ನೂ ಇತ್ತು. ನನ್ನ ಮರ್ಯಾದೆ ಉಳಿಸಲು ಅಪ್ಪ ತನ್ನ ಔಷಧಿಯನ್ನೇ ಬಿಟ್ಟುಕೊಡುತ್ತಿದ್ದಾನೆ ಎಂದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ತೆರೆಯಲು ನನಗೆ ನಡುದಾರಿಯ ಶೂಲಗಿರಿ ಬರಬೇಕಾಯಿತು. ಅಲ್ಲಿ ಬಸ್ಸು ನಿಂತಾಗ, "ಇಳಿಯಪ್ಪ, ವಾಪಸ್ ಹೋಗನ" ಎಂದೆ. ಅಪ್ಪ ಯಾಕೆ ಎಂದು ಕೇಳಲಿಲ್ಲ. ರಸ್ತೆ ದಾಟಿ ಎದುರಿನ ಬಸ್ಸು ಹಿಡಿದೆವು.

ಡಾಕ್ಟರು ಊಟಕ್ಕೆ ಏಳುವುದರಲ್ಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಪುಡಿ, ಚಮಚ, ಆರು ದಿನ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಡಬ್ಬದ ಮೇಲೆ ಬರೆದದ್ದನ್ನು ಓದಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮಾತ್ರೆಯೂ ಪುಡಿಯೂ ಒಟ್ಟಿಗೆ ನಾಳಗಳನ್ನು ಸಡಿಲ ಮಾಡಿದರೆ ಒತ್ತಡ ಕುಸಿದು ತಲೆಗೆ ರಕ್ತ ಸಾಲದೆ ಹೋಗಬಹುದು ಎಂದು ವಿವರಿಸಿದರು. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ನಾನು ಹಾಕಿದ ಲೆಕ್ಕ ತಪ್ಪಾಗಿರಲಿಲ್ಲ. ಒಂದೇ ಕೆಲಸವಾದ್ದರಿಂದಲೇ ಎರಡನ್ನೂ ಕೊಡಬಾರದಿತ್ತು. ಬಿಳಿ ಮಾತ್ರೆಯನ್ನು ಮತ್ತೆ ಚೀಟಿಯಲ್ಲಿ ಬರೆದು, ಕೂತುಕೊಂಡೇ ಇಟ್ಟುಕೊಳ್ಳಬೇಕು ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಕೊನೆಗೆ, ಬೆಳಿಗ್ಗೆ ಸುಳ್ಳು ಯಾಕೆ ಹೇಳಿದರು ಎಂದು ನಿಮ್ಮ ತಂದೆಯನ್ನು ಕೇಳು ಎಂದರು. ಅದನ್ನೂ ನಾನೇ ಕೇಳಬೇಕಾಯಿತು. ಅಪ್ಪ ಹಣೆಯ ಪಟ್ಟಿಯನ್ನು ಮುಟ್ಟಿಕೊಂಡು, ಡಾಕ್ಟರನ್ನು ನೋಡದೆ ನನಗೇ ಹೇಳಿದ:

"ನೀನು ಆಸೆಯಿಂದ ಕೊಟ್ಟಿದ್ದು. ಅದ್ನ ಇವ್ರ ಮುಂದೆ ತಪ್ಪು ಅಂತ ನನ್ ಬಾಯಾಗೆ ಹೆಂಗ್ ಹೇಳ್ಲಿ?"

ಡಾಕ್ಟರು ಕಾಯುತ್ತಿದ್ದರು. ಆ ಒಂದು ಮಾತನ್ನು ತಮಿಳಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅವರು ನನ್ನ ಮುಖ ನೋಡಿ, ಸರಿ ಹೋಗಿ ಬನ್ನಿ ಎಂದು ಕೈಸನ್ನೆ ಮಾಡಿದರು.

ಪುಡಿಯನ್ನು ಅವತ್ತೇ ಚರಂಡಿಗೆ ಸುರಿದೆ. ಜಿಮ್ಮು ಬಿಡಲಿಲ್ಲ, ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬಿಡಲಿಲ್ಲ. ಅಪ್ಪ ಅದಾದ ಮೇಲೆ ನಾಲ್ಕು ವರ್ಷ ಬದುಕಿದ, ತಕ್ಕಡಿಯ ಪಕ್ಕ ಕೂತೇ. ಬೆಳಿಗ್ಗೆ ಸಂಜೆ ಅವನಿಗೆ ಮಾತ್ರೆ ಕೊಡುವ ಕೆಲಸ ನನ್ನದಾಯಿತು. ನಾನು ಪ್ರತಿ ಸಲವೂ ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಹೆಸರನ್ನು ಚೀಟಿಯ ಜೊತೆ ಮೂರು ಸಲ ಹೋಲಿಸಿ ನೋಡುತ್ತಿದ್ದೆ. ಅಪ್ಪ ಮಾತ್ರ ಒಂದು ದಿನವೂ ನೋಡಲಿಲ್ಲ. ಕೈ ಚಾಚುತ್ತಿದ್ದ, ನಾನು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.