ಹಾಲಿನ ಲೋಟ ನೋಡಿ ನಕ್ಕ ದಿನ

ಕರ್ನಾಟಕ ಒಂದಾಗುವ ಹಿಂದಿನ ವರ್ಷ, ಬೇಸಿಗೆಯಲ್ಲಿ, ಬೆಟಗೇರಿಯ ನಮ್ಮ ಮನೆಗೆ ಮುಂಡರಗಿಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಅಪ್ಪ ಮಗ್ಗ ಹಾಕಿ ಸೀರೆ ನೇಯಿಸುತ್ತಿದ್ದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ಓದುವ ಹುಚ್ಚು ವಿಪರೀತ. ಪುಸ್ತಕ ಮಾತ್ರ ಸಿಗುತ್ತಿರಲಿಲ್ಲ.

ಗದಗ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ, ಯಾರೋ ರೈಲಿನಲ್ಲಿ ಬಿಟ್ಟುಹೋದ ಪತ್ತೇದಾರಿ ಕಾದಂಬರಿಯೊಂದನ್ನು ತಂದುಕೊಟ್ಟಿದ್ದರು. ಅದು ಮಾಲೆಯ ಮೂರನೆಯ ಭಾಗ. ಹಿಂದಿನವನ್ನು ಓದಿದವರಿಗಾಗಿಯೇ ಬರೆದಂತಿತ್ತು. ಅದರ ಪತ್ತೇದಾರ ಯಾರ ಮನೆಗೆ ಹೋದರೂ ಹಾಲು ಮುಟ್ಟುತ್ತಿರಲಿಲ್ಲ. ಲೋಟ ಮೂಸಿ, ಹುಬ್ಬೇರಿಸಿ, ಕೆಳಗಿಡುತ್ತಿದ್ದ. ಯಾಕೆ ಎಂಬುದು ಎಲ್ಲೂ ಇಲ್ಲ. ಕೊಲೆಗಾರ ಯಾರು ಎನ್ನುವುದಕ್ಕಿಂತ ಆ ಹಾಲಿನ ಗುಟ್ಟೇ ನನ್ನ ತಲೆ ತಿನ್ನುತ್ತಿತ್ತು. ಕೇಳೋಣವೆಂದರೆ ಅದನ್ನು ಓದಿದವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಹುಡುಗ ಶಾಲೆಯ ಮಾಸ್ತರ. ತಂದೆ ತಾಯಿ ಇಲ್ಲದ ಅವನನ್ನು ಬೆಳೆಸಿದ ಸೋದರತ್ತೆಯೇ ಹಿರಿಯಳಾಗಿ ಬಂದಿದ್ದಳು. ನನ್ನನ್ನು ಕೂರಿಸಿ, ಹೆಸರು ಕೇಳಿ, ನಡೆಸಿ ನೋಡಿದರು. ಆಮೇಲೆ ಅಪ್ಪ ಬಂದ ಗಂಡಸರಿಗೆ ಮಗ್ಗ ತೋರಿಸಲು ಹೋದರು. ಆ ಅತ್ತೆ ನಮ್ಮ ಅವ್ವನ ಜೊತೆ ಅಡುಗೆಮನೆ ನೋಡಲು ಎದ್ದಳು. ಪಡಸಾಲೆಯಲ್ಲಿ ಉಳಿದದ್ದು ನಾನು, ಹುಡುಗ ಮತ್ತು ಕಿವಿ ಮಂದವಾದ ನನ್ನ ಅಜ್ಜಿ.

ಗೋಡೆಯ ಮಾಡದಲ್ಲಿಟ್ಟಿದ್ದ ಆ ಪುಸ್ತಕದ ಮೇಲೆ ಅವನ ಕಣ್ಣು ಬಿತ್ತು.

"ಇದನ್ನ ನೀವು ಓದೀರೇನು?" ಎಂದ.

"ಓದೇನ್ರಿ. ಆದ್ರ ಮೊದಲಿನವು ಸಿಕ್ಕಿಲ್ಲ." ಬಾಯಿ ತಡೆಯಲಿಲ್ಲ. "ಅವ ಹಾಲು ಯಾಕ ಕುಡಿಯೂದಿಲ್ರಿ?"

ಅವನ ಮುಖ ಅರಳಿತು. "ಅದು ಮೊದಲನೇ ಭಾಗದಾಗ ಐತಿ! ಮನಿ ಅಡಗಿಯಾವನೇ ಹಾಲಿನಾಗ ವಿಷ ಹಾಕಿರ್ತಾನ. ಇನ್ನೇನು ಕುಡೀಬೇಕು, ಬೆಕ್ಕು ಬಂದು ಲೋಟ ಕೆಡವತೈತಿ."

"ಅದಕ್ಕ ಇದರಾಗ ಬೆಕ್ಕು ಕಂಡಾಗೊಮ್ಮೆ ಕೈ ಮುಗೀತಾನೇನ್ರಿ!"

"ಹೂಂ, ಅದಕ್ಕ!"

ಎರಡೂ ಭಾಗದ ಕಥೆಯನ್ನು ಕೈಸನ್ನೆ ಮಾಡಿ ಹೇಳಿದ. ನಡುನಡುವೆ ನಿಲ್ಲಿಸಿ, ಮುಂದೆ ಏನಾಗಿರಬೇಕೆಂದು ನನ್ನನ್ನೇ ಕೇಳಿದ. ಮಾಡಿಕೊಂಡರೆ ಇವನನ್ನೇ ಎಂದು ಮನಸ್ಸಿನಲ್ಲಿ ಅಂದುಕೊಂಡುಬಿಟ್ಟೆ.

ಎಲ್ಲರೂ ಮರಳಿ ಬಂದು ಕುಳಿತರು. ಅವ್ವ ಹಾಲು ತಂದಳು. ಸೋದರತ್ತೆ ತೀರಿಹೋದ ತನ್ನ ತಮ್ಮನನ್ನು, ಅಂದರೆ ಈ ಹುಡುಗನ ತಂದೆಯನ್ನು, ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಅವನು ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಥೇಟ್ ಆ ಪತ್ತೇದಾರನ ಹಾಗೆ ಹುಬ್ಬೇರಿಸಿ ನನ್ನತ್ತ ನೋಡಿದ. ನಾನು ಕಿಸಕ್ಕನೆ ನಕ್ಕುಬಿಟ್ಟೆ.

ಅತ್ತೆ ಕಣ್ಣಿನಿಂದ ಸೆರಗು ತೆಗೆದು ನನ್ನನ್ನೇ ನೋಡಿದಳು.

"ಯಾಕವಾ, ನಮ್ಮ ತಮ್ಮ ಸತ್ತದ್ದು ನಿನಗ ನಗಿಯಾಟಾ ಆತೇನು?" ಎಂದಳು ಅತ್ತೆ.

ನಾನು ಅವನ ಮುಖ ನೋಡಿದೆ. ಅತ್ತೆಯೂ ಅವನ ಕಡೆ ತಿರುಗಿದಳು. "ನೀ ಏನಾರ ಮಾಡಿದೇನೋ?"

"ಇಲ್ಲತ್ತಿ, ನಾ ಏನೂ ಮಾಡಿಲ್ಲ," ಎಂದ. ತಲೆ ತಗ್ಗಿಸಿ, ಹಾಲನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

ಅವರು ಹೋದಮೇಲೆ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. "ಖರೆ ಇದ್ದೀತವಾ. ಆದ್ರ ಹುಡುಗನೇ ಇಲ್ಲ ಅಂದಮ್ಯಾಲೆ ನಾ ಯಾರ ಮುಂದ ಹೇಳ್ಲಿ?" ಎಂದರು.

ಹುಡುಗಿ ಸುಮ್ಮಸುಮ್ಮನೆ ನಗುತ್ತಾಳೆ, ತಲೆ ಸರಿ ಇಲ್ಲ ಎಂಬ ಮಾತು ಲಕ್ಷ್ಮೇಶ್ವರದವರೆಗೂ ಹರಡಿತು. ಅಲ್ಲಿಂದ ನೋಡಲು ಬರಬೇಕಿದ್ದವರು ಬರಲಿಲ್ಲ. ರಾಜ್ಯ ಒಂದಾಯಿತೆಂದು ಊರೆಲ್ಲ ಪೇಢೆ ಹಂಚುತ್ತಿದ್ದ ದಿನಗಳಲ್ಲಿ, ಶಿರಹಟ್ಟಿಯ, ಹೆಂಡತಿ ಸತ್ತ, ನನಗಿಂತ ಬಹಳ ದೊಡ್ಡವರೊಬ್ಬರಿಗೆ ನನ್ನನ್ನು ಕೊಟ್ಟರು.

ಅವರು ಕೆಟ್ಟವರಲ್ಲ. ಆದರೆ ಆ ಮಾತು ಅವರ ಕಿವಿಗೂ ಬಿದ್ದಿತ್ತು. ನಾನು ನಕ್ಕಾಗಲೆಲ್ಲ ಕೈಯಲ್ಲಿನ ಕೆಲಸ ಬಿಟ್ಟು, "ಯಾಕ ನಕ್ಕಿ?" ಎನ್ನುತ್ತಿದ್ದರು. ಕಾರಣ ಹೇಳುವಷ್ಟರಲ್ಲಿ ನಗು ಆರಿಹೋಗಿರುತ್ತಿತ್ತು.

ಸಂಬಂಧ ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ. ಎಷ್ಟೋ ಮನೆಗಳಲ್ಲಿ ತಪ್ಪುತ್ತವೆ. "ನಾನೇ ನಗಿಸಿದೆ ಅತ್ತಿ" ಎಂದಿದ್ದರೆ ಅವನಿಗೆ ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೇ. ಅಷ್ಟನ್ನು ಅವನು ತಿನ್ನಲಿಲ್ಲವಲ್ಲ ಎಂಬ ಸಿಟ್ಟು ಇಂದಿಗೂ ಇಳಿದಿಲ್ಲ.

ಈಗ ಯಜಮಾನರೂ ಇಲ್ಲ. ಮೊಮ್ಮಕ್ಕಳು ಏನಾದರೂ ತಮಾಷೆ ಮಾಡಿ, "ನಗಬೇ ಅಜ್ಜಿ" ಎನ್ನುತ್ತಾರೆ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಳಿದವರು ನಗುತ್ತಿದ್ದಾರೆಯೇ ಎಂದು ಮೊದಲು ನೋಡುತ್ತೇನೆ.