ಸೇರು ಇಟ್ಟು ಆರಿಸಿದ ಕಾರು

"ಸೇತುವೆ ಆಯ್ತು ಅಂತೀರಿ, ಬಾಳ ಸಂತೋಷ. ಆದ್ರೆ ತುಂಬಿದ ಬಸುರಿ ಆ ಸೇತುವೆ ಮೇಲೆ ನಡ್ಕಂಡು ಸಾಗರಕ್ಕೆ ಹೋಗ್ತಾಳಾ?"

ತೀರ್ಥಹಳ್ಳಿಯಿಂದ ಮಗಳ ಅತ್ತೆ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಏನು ಹೇಳಲಿ ಎಂದು ಹುಡುಕುವಷ್ಟರಲ್ಲಿ ಹಾಲು ಉಕ್ಕಿ ಒಲೆ ನಂದಿತು.

ಮಗಳು ಆಗ ಐದು ತಿಂಗಳ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನಮ್ಮಲ್ಲಿ ಯಾರೂ ಕೇಳಿ ಪಡೆಯಬೇಕಾದ ಹಕ್ಕಲ್ಲ. ನನ್ನದು ಹೊಸನಗರದ ತವರಿನಲ್ಲೇ ಆಗಿತ್ತು. ಇರುವವಳು ಇವಳೊಬ್ಬಳೇ ಮಗಳು. ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ಅವಳು ಹುಟ್ಟಿದ ದಿನದಿಂದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಎಂದರೆ ನಗಬೇಡಿ.

ಆದರೆ ನಮ್ಮದು ಬ್ಯಾಕೋಡು. ಸಾಗರಕ್ಕೂ ನಮಗೂ ನಡುವೆ ಹಿನ್ನೀರು. ನಾನು ಮದುವೆಯಾಗಿ ಬಂದಾಗಿನಿಂದ ಆ ನೀರು ದಾಟಲು ಇದ್ದದ್ದು ಬಸ್ಸು, ಕಾರುಗಳನ್ನೂ ಹೊತ್ತೊಯ್ಯುವ ಲಾಂಚ್ ಒಂದೇ. ಸಂಜೆ ಕೊನೆಯ ಲಾಂಚ್ ಹೋಯಿತು ಎಂದರೆ ಜ್ವರ, ಹೆರಿಗೆ, ಹಾವು ಕಚ್ಚಿದ್ದು ಎಲ್ಲವೂ ಬೆಳಗಿನವರೆಗೆ ದೇವರ ಪಾಲು. ಅದಕ್ಕೇ ಕಾರು ಕೊಳ್ಳುವ ಯೋಚನೆ ನಮ್ಮ ಮನೆಯಲ್ಲಿ ಬರಲೇ ಇಲ್ಲ. ಈಗ ಸೇತುವೆ ಆಗಿತ್ತು. ನೆಪ ಹೋಗಿತ್ತು, ಕಾರು ಬಂದಿರಲಿಲ್ಲ.

ಬೀಗಿತ್ತಿ ಮಾತು ಮುಗಿಸಿದ್ದು ಹೀಗೆ. "ಮನೇಲಿ ನಿಮ್ದೇ ಅಂತ ಒಂದು ಗಾಡಿ ಇದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ಲಿ. ಆಸ್ಪತ್ರೆ ನಮ್ಮನೆಯಿಂದ ಕೂಗಳತೆ."

ನನಗೆ ಸಿಟ್ಟು ಬಂತು. ಆದರೆ ಪೂರಾ ಸಿಟ್ಟಾಗುವಂತೆಯೂ ಇರಲಿಲ್ಲ. ಅವರ ತವರು ಮಾಸ್ತಿಕಟ್ಟೆ ಕಡೆ. ಅವರ ಮೊದಲ ಹೆರಿಗೆಗೆ ಬಾಡಿಗೆ ಜೀಪಿಗಾಗಿ ಕಾದು, ಜೀಪು ಬಂದ ಮೇಲೆ ದಾರಿಯಲ್ಲೇ ಹೆರಿಗೆಯಾಗಿ, ಆ ಕೂಸು ಉಳಿಯಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಮಕ್ಕಳ ಮದುವೆಯ ಮಾರನೇ ದಿನ, ಇಬ್ಬರೂ ಕೂತು ವೀಳ್ಯದೆಲೆ ಒರೆಸುತ್ತಿದ್ದಾಗ. ಹೇಳಿ, ಮತ್ತೆ ಎಲೆ ಒರೆಸಿದರು. ಅಂಥವರ ಮಾತಿಗೆ ಎದುರು ಹೇಳುವುದು ಹೇಗೆ?

ನಮ್ಮ ಮನೆಯವರಿಗೆ ಹಿಟ್ಟಿನ ಗಿರಣಿ ಇದೆ. ಗಿರಣಿಯ ಮೋಟಾರು ಹಳೆಯದಾಗಿ, ಹೊಸದಕ್ಕೆಂದು ನಾಲ್ಕು ವರ್ಷದಿಂದ ಸ್ವಲ್ಪ ಸ್ವಲ್ಪ ಕೂಡಿಟ್ಟಿದ್ದರು. ಫೋನಿನ ವಿಷಯ ಹೇಳಿದೆ. ಮೈಮೇಲಿನ ಹಿಟ್ಟು ಕೊಡವಿಕೊಂಡು, "ಹಳೇ ಮೋಟಾರು ಇನ್ನೊಂದು ವರ್ಷ ಎಳೀತದೆ ಬಿಡು. ಕಮ್ಮಿ ಬಿದ್ದದ್ದಕ್ಕೆ ಸಾಲ ಮಾಡಿದ್ರಾಯ್ತು" ಅಂದರು. ಅಷ್ಟೇ. ನಾನು ದೇವರ ಮುಂದೆ ಹೋಗಿ ಒಂದು ಬತ್ತಿ ಜಾಸ್ತಿ ಹಾಕಿದೆ. ಆ ದುಡ್ಡು ಇತ್ತಲ್ಲ, ಅದು ನಾನು ಎಣಿಸಿದ ಮೊದಲ ಪುಣ್ಯ.

ಕಾರು ಆರಿಸಲು ಜೊತೆಗೆ ಬಂದವನು ನನ್ನ ತಮ್ಮ. ಹೊಸನಗರದಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ನನಗೆ ಬೇಕಾಗಿದ್ದು ಒಂದೇ, ಎಣ್ಣೆ ಕಡಿಮೆ ಕುಡಿಯುವ ಕಾರು. ಕೊಳ್ಳುವುದು ಒಂದು ಸಲದ ಕಷ್ಟ, ಕುಡಿಸುವುದು ದಿನದ ಕಷ್ಟ ಎಂದು ನಾನು ಎಮ್ಮೆ ಕಟ್ಟಿದ್ದರಿಂದಲೇ ಕಲಿತಿದ್ದೆ. ಮಗಳು ಬಂದ ಮೇಲೆ ತಪಾಸಣೆಗೆಂದು ಸಾಗರಕ್ಕೆ ಎಷ್ಟು ಸಲ ಹೋಗಬೇಕೋ!

ನಮ್ಮ ಮನೆಯವರಿಗೆ ಬೇಕಾಗಿದ್ದು ಬೇರೆ. ಮೊದಲ ದಿನ ಹೊರಡುವಾಗ ಕೈಚೀಲದಲ್ಲಿ ಏನೋ ಭಾರವಾಗಿತ್ತು. ತೆಗೆದು ನೋಡಿದರೆ ಗಿರಣಿಯ ಹಿತ್ತಾಳೆ ಸೇರು, ಅಕ್ಕಿ ಅಳೆಯುವುದು.

"ಇದೆಂತಕ್ಕೆ?" ಎಂದೆ.

"ನೋಡ್ತಿರು."

ತೀರ್ಥಹಳ್ಳಿಯಲ್ಲಿ ಒಬ್ಬರು ಹಳೆಯ ದೊಡ್ಡ ಡೀಸೆಲ್ ಕಾರು ಮಾರಲಿಟ್ಟಿದ್ದರು. ಇವರು ಹೋದವರೇ ಬಗ್ಗಿ, ಸೇರನ್ನು ಕಾರಿನ ಹೊಟ್ಟೆಯ ಅಡಿಗೆ ತಳ್ಳಿದರು. ಸೇರು ನಿಂತಂತೆಯೇ ಈ ಬದಿಯಿಂದ ಆ ಬದಿಗೆ ಹೋಯಿತು. ಎದ್ದು ನಿಂತು, "ಅಡ್ಡಿಲ್ಲ" ಎಂದು ನಕ್ಕರು. ಲಾಂಚಿನ ಹಲಗೆಗೆ ಹತ್ತುವಾಗ ತಗ್ಗಿನ ಕಾರುಗಳ ಅಡಿ ಕರ್ರೆಂದು ಉಜ್ಜುವುದನ್ನು ಅವರು ಚಿಕ್ಕಂದಿನಿಂದ ಕೇಳಿದವರು. ಅಡಿಯಲ್ಲಿ ಸೇರು ಹಿಡಿಸಿದರೆ ಆ ಗಾಡಿ ಲಾಂಚಿಗೆ ಸೈ ಎಂಬುದು ಅವರೇ ಕಟ್ಟಿಕೊಂಡ ಲೆಕ್ಕ.

ತಮ್ಮ ಇಂಜಿನ್ ಸದ್ದು ಕೇಳಿ ಮುಖ ಕಿವುಚಿದ. "ಭಾವ, ಅಗ್ಗಕ್ಕೆ ಸಿಗ್ತದೆ ಹೌದು. ಸಿಕ್ಕಿದ ಮೇಲೆ ಸಾಕ್ಬೇಕಲ್ಲ, ಆನೆ ಇದು."

ಸಾಗರದ ಅಂಗಡಿಯಲ್ಲಿ ಗ್ಯಾಸಿನ ಕಾರು ತೋರಿಸಿದರು. ಖರ್ಚು ಅರ್ಧವಂತೆ. ನನ್ನ ಮನಸ್ಸು ಅಲ್ಲೇ ಕೂತಿತು. ಹಿಂದಿನ ಬಾಗಿಲು ಎತ್ತಿದರೆ, ಸಾಮಾನು ಇಡುವ ಜಾಗದಲ್ಲಿ ದೊಡ್ಡ ಸಿಲಿಂಡರ್ ಮಲಗಿತ್ತು. ಬಾಣಂತಿಯ ಗಂಟು, ತೊಟ್ಟಿಲು ಎಲ್ಲಿಡುವುದು? ಅದಕ್ಕಿಂತ, ಗ್ಯಾಸ್ ಮುಗಿದರೆ ಬ್ಯಾಕೋಡಿನಲ್ಲಿ ತುಂಬಿಸುವವರಾರು? ನಮ್ಮ ಕಡೆ ಪೆಟ್ರೋಲೇ ಎಷ್ಟೋ ಸಲ ಅಂಗಡಿಯ ಬಾಟಲಿಯಲ್ಲಿ ಸಿಗುವುದು.

ಕೊನೆಗೆ ಉಳಿದದ್ದು ಎರಡು ಸಣ್ಣ ಪೆಟ್ರೋಲ್ ಕಾರು. ಎರಡರ ಬೆಲೆಯೂ ಹೆಚ್ಚು ಕಡಿಮೆ ಒಂದೇ. ಒಂದು ಸ್ವಲ್ಪ ತಗ್ಗು, ಲೀಟರಿಗೆ ಮೂರು ಕಿಲೋಮೀಟರ್ ಜಾಸ್ತಿ ಕೊಡುತ್ತದಂತೆ. ಇನ್ನೊಂದು ಸ್ವಲ್ಪ ಎತ್ತರ, ಅಷ್ಟು ಕಮ್ಮಿ ಕೊಡುತ್ತದೆ. "ಅಕ್ಕಾ, ಅಂಗಡಿಯವರ ಲೆಕ್ಕ ಕಾಗದದ್ದು. ನಮ್ಮ ಏರಿಗೆ ಹದಿನೇಳು ಬಂದ್ರೆ ದೇವ್ರು ದೊಡ್ಡವನು" ಎಂದ ತಮ್ಮ. ನನಗೆ ಮೊದಲನೆಯದೇ ಆಗಬೇಕಿತ್ತು. ಇವರು ಸೇರು ತೆಗೆದರು.

ಹೊಳೆಯುವ ನೆಲದ ಮೇಲೆ, ಅಷ್ಟು ಜನರ ಎದುರು, ಐವತ್ತನಾಲ್ಕು ವರ್ಷದ ಗಂಡಸು ಮೊಣಕಾಲೂರಿ ಕಾರಿನ ಅಡಿಗೆ ಸೇರು ತಳ್ಳುತ್ತಿದ್ದರೆ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನಿಸಿತು. ತಗ್ಗಿನ ಕಾರಿಗೆ ಸೇರು ಠಣ್ ಎಂದು ತಾಗಿ ಉರುಳಿತು.

"ಸಾರ್, ಏನು ನೋಡ್ತಿದೀರಿ?" ಎಂದು ಅಂಗಡಿಯವರು ಕೇಳಿದರು.

"ಲಾಂಚಿಗೆ ಹತ್ತುವಾಗ ತಾಗ್ಬಾರ್ದು."

"ಈಗ ಲಾಂಚ್ ಯಾಕೆ ಸಾರ್? ಸೇತುವೆ ಆಗಿದೆಯಲ್ಲ!"

ಇವರ ಕಿವಿ ಕೆಂಪಾಯಿತು. ಸೇತುವೆ ಆಗಿದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಅದರ ಮೇಲೆಯೇ ಬಸ್ಸಿನಲ್ಲಿ ಬಂದಿದ್ದೆವು. ಆದರೂ ಸೇರನ್ನು ಚೀಲಕ್ಕೆ ಹಾಕಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಮೂರು ಕಿಲೋಮೀಟರ್ ನಿಂದು, ಒಂದು ಸೇರು ನಂದು. ಈ ಸಲ ನಂದು ನಡೀಲಿ ಮಾರಾಯ್ತಿ" ಅಂದರು. ಅಷ್ಟು ವರ್ಷ ಕೂಡಿಟ್ಟವರು ಅವರು. ಆಗಲಿ ಎಂದೆ. ಮುಖ ಮಾತ್ರ ಸರಿಮಾಡಿಕೊಳ್ಳಲಿಲ್ಲ. ಆಮೇಲೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆ ಮೂರು ಕಿಲೋಮೀಟರನ್ನು ನೆನಪಿಸಿದ್ದೇನೆ.

ಕಾರು ಬಂದರೂ ಓಡಿಸುವವರು ಬೇಕಲ್ಲ. ತಮ್ಮ ರಜೆ ಹಾಕಿ ಬಂದು, ಶಾಲೆಯ ಮೈದಾನದಲ್ಲಿ ಭಾವನಿಗೆ ಕಲಿಸಿದ. "ಭಾವ, ಅದು ಗಿರಣಿ ಚಕ್ರ ಅಲ್ಲ, ಅಷ್ಟು ಗಟ್ಟಿ ಹಿಡೀಬೇಡಿ" ಎಂದು ಅವನು ಕೂಗುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಲೈಸೆನ್ಸ್ ಸಿಕ್ಕಿತು. ಧೈರ್ಯ ಸಿಗಲಿಲ್ಲ, ಅವರಿಗೂ, ನನಗೂ. ಏರಿನಲ್ಲಿ ಕಾರು ಒಂದು ಗಳಿಗೆ ಹಿಂದೆ ಜಾರಿದರೆ ನಾನು ಹಿಂದಿನ ಸೀಟಿನಲ್ಲಿ ನಮ್ಮ ದೇವಿ ಚೌಡಮ್ಮನನ್ನು ಕೂಗುತ್ತಿದ್ದೆ.

ಬೀಗಿತ್ತಿ ಸೀಮಂತಕ್ಕೆ ಮೊದಲು ಬಂದು ಕಾರು ನೋಡಿದರು. ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು. ಹಿಂದೆ ಕೂತು, ಕಾಲು ಚಾಚಿ, ಎದ್ದರು. "ಎಷ್ಟು ಕೊಡ್ತದೆ?"

"ಹದಿನೇಳು" ಎಂದೆ.

"ನಮ್ದು ಇದ್ಕಿಂತ ಜಾಸ್ತಿ ಕೊಡ್ತದಪ್ಪ" ಎಂದರು. ನಾನು ಇವರ ಮುಖ ನೋಡಿದೆ. ಆದರೆ ಮಗಳು ಬಂದಳು. ಅದು ಎರಡನೇ ಪುಣ್ಯ.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಮೂತಿ ರಸ್ತೆ ಕಡೆಗೇ ಇರಬೇಕು, ದಿನಾ ಸಂಜೆ ಒಮ್ಮೆ ಸ್ಟಾರ್ಟ್ ಮಾಡಬೇಕು. ತುಳಸಿಗೆ ದೀಪ ಇಟ್ಟು ಬಂದು ಕಾರಿನ ಮುಂಭಾಗಕ್ಕೂ ಕೈ ಮುಟ್ಟಿ ನಮಸ್ಕರಿಸುತ್ತಿದ್ದೆ. ಮಗಳು ನಗುತ್ತಿದ್ದಳು. "ಅಮ್ಮಾ, ಅದಕ್ಕೂ ಆರತಿ ಎತ್ತಿಬಿಡು."

ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಮಧ್ಯಾಹ್ನದ ಊಟ ಮುಗಿಸಿ ತಟ್ಟೆ ಎತ್ತುತ್ತಿದ್ದೆ. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತು, "ಅಮ್ಮಾ, ನೀರು ಹೋಯ್ತು" ಎಂದಳು. ಆಂಬುಲೆನ್ಸಿಗೆ ಫೋನ್ ಮಾಡೋಣ ಎಂದರೆ ಸಿಗ್ನಲ್ ಇಲ್ಲ. ಇವರು ಗಿರಣಿ ನಿಲ್ಲಿಸಿ, ಮೈಯೆಲ್ಲ ಹಿಟ್ಟು ಇದ್ದ ಹಾಗೆಯೇ ಓಡಿಬಂದರು. ಹತ್ತು ನಿಮಿಷದಲ್ಲಿ ಹೊರಟೆವು.

ಅವತ್ತು ಅವರು ಓಡಿಸಿದ ಹಾಗೆ ಮೊದಲು ಓಡಿಸಿರಲಿಲ್ಲ. ಒಂದು ಕಡೆಯೂ ಇಂಜಿನ್ ಆಫ್ ಆಗಲಿಲ್ಲ. ಹಿಂದೆ ಮಗಳ ತಲೆ ನನ್ನ ಹೆಗಲ ಮೇಲಿತ್ತು. ನೋವು ಬಂದಾಗ ನನ್ನ ಕೈ ಹಿಂಡುತ್ತಿದ್ದಳು, ಬಳೆ ಒತ್ತಿ ಚರ್ಮ ಕಿತ್ತಿತು. ನೋವು ಹತ್ತಿರ ಹತ್ತಿರವಾಗುತ್ತಿತ್ತು. ನನ್ನ ಕಣ್ಣಿಗೆ ಬೀಗಿತ್ತಿ ಎಲೆ ಒರೆಸುತ್ತ ಕೂತದ್ದೇ ಕಾಣುತ್ತಿತ್ತು. ಕಳಸವಳ್ಳಿ ಬಂತು. ಅಲ್ಲಿ ದಾರಿ ಎರಡಾಗುತ್ತದೆ. ಹೊಸದು ಸೇತುವೆಗೆ, ಹಳೆಯದು ಲಾಂಚಿನ ದಡಕ್ಕೆ.

"ಬೇಗ ಬಿಡಿ, ಲಾಂಚ್ ಹೋಗಿಬಿಟ್ಟೀತು!"

ಹೇಳಿದವಳು ನಾನೇ. ಮೂವತ್ತು ವರ್ಷದಲ್ಲಿ ಆ ತಿರುವಿನಲ್ಲಿ, ಬಸ್ಸಿನಲ್ಲೋ ಬಾಡಿಗೆ ಜೀಪಿನಲ್ಲೋ ಕೂತು, ನಾನು ಸಾವಿರ ಸಲ ಹೇಳಿದ ಮಾತು. ಅವರೂ ಮೂವತ್ತು ವರ್ಷ ಕೇಳಿದ ಕಿವಿಯಿಂದಲೇ ಕೇಳಿ, ಹಳೆಯ ದಾರಿಗೆ ತಿರುಗಿಸಿದರು. ಯಾರಿಗೂ ತಪ್ಪು ಎನಿಸಲಿಲ್ಲ. ಇಳಿಜಾರು ಇಳಿದು, ಕಾರು ನಿಂತು, ಎದುರಿಗೆ ಬರೀ ನೀರು ಕಂಡಾಗಲೇ ಗೊತ್ತಾದದ್ದು. ಬೇಸಿಗೆಗೆ ನೀರು ಹಿಂದೆ ಸರಿದು, ಕೆಂಪು ಕೆಸರು, ಅದರ ನಡುವೆ ಕಲ್ಲು. ಲಾಂಚಿಲ್ಲ, ಜನ ಇಲ್ಲ. ಪಕ್ಕದಲ್ಲಿ, ತಲೆಯ ಮೇಲೆ, ಸೇತುವೆಯಲ್ಲಿ ಬಸ್ಸೊಂದು ಸಾಗರದ ಕಡೆ ಹೋಗುತ್ತಿತ್ತು.

ಮಗಳು ನನ್ನ ಹೆಗಲಿಂದ ತಲೆ ಎತ್ತಿ ಮುಂದೆ ನೋಡಿದಳು.

"ಅಪ್ಪಯ್ಯಾ, ಲಾಂಚ್ ಎಲ್ಲಿ?" ಎಂದಳು ಮಗಳು. ನೋವಿನಲ್ಲೂ ನಗುತ್ತಿದ್ದಳೋ ಅಳುತ್ತಿದ್ದಳೋ.

ಜೀಪಿಗೆ ಕಾದು ಕೂಸು ಕಳೆದುಕೊಂಡವರ ಸೊಸೆಯನ್ನು ನಾನು ಕಾರಿದ್ದೂ ನೀರಿನ ಅಂಚಿಗೆ ತಂದು ನಿಲ್ಲಿಸಿದ್ದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಇವರು ಬೈಯಲಿಲ್ಲ. ಹಿಂದೆ ತಿರುಗಿ, "ನೀನು ಅವಳ್ನ ಹಿಡ್ಕ" ಎಂದಷ್ಟೇ ಅಂದರು.

ತಿರುಗಿಸಲು ಜಾಗವಿರಲಿಲ್ಲ. ಹಿಂದೆ ಹಿಂದೆಯೇ ಏರು ಹತ್ತಬೇಕು. ಮೈದಾನದಲ್ಲಿ ತಮ್ಮ ಎಷ್ಟು ಕೂಗಿದರೂ ಅವರಿಗೆ ರಿವರ್ಸ್ ನೆಟ್ಟಗೆ ಬಂದಿರಲಿಲ್ಲ. ಆದರೆ ಬಸ್ಸು, ಲಾರಿಯವರು ಹಿಂದೆ ಹಿಂದೆ ಲಾಂಚಿಗೆ ಹತ್ತಿಸುವುದನ್ನು ಅವರು ಈ ದಡದಲ್ಲಿ ನಿಂತು ಎಷ್ಟು ವರ್ಷ ನೋಡಿದ್ದರು! ಕುತ್ತಿಗೆ ಕಿಟಕಿಯಿಂದ ಹೊರಗೆ ಹಾಕಿ, ಒಂದೇ ಕೈಯಲ್ಲಿ ಚಕ್ರ ಹಿಡಿದು, ಆ ಡ್ರೈವರುಗಳ ಹಾಗೆಯೇ ಹತ್ತಿಸತೊಡಗಿದರು. ಚಕ್ರ ಒಮ್ಮೆ ಕೆಸರಿನಲ್ಲಿ ಸುಮ್ಮನೆ ಸುತ್ತಿತು. ಮತ್ತೆ ಹಿಡಿಯಿತು. ಇಳಿಯುವಾಗ ಹೇಗೋ ತಪ್ಪಿದ್ದ, ದಾರಿ ನಡುವಿನ ಕಲ್ಲು ನನಗೆ ನೆನಪಿತ್ತು. ಈಗ ತಾಗುತ್ತದೆ, ಈಗ ತಾಗುತ್ತದೆ ಎಂದು ಕಾದೆ. ಅಡಿಯಲ್ಲಿ ಕರ್ರ್ ಎಂದು ಒಂದು ಸಣ್ಣ ಸದ್ದು ಬಂತು, ಉಗುರಿನಿಂದ ಪಾತ್ರೆ ಕೆರೆದ ಹಾಗೆ. ಅಷ್ಟೇ. ಕಾರು ಕಲ್ಲು ದಾಟಿ ಮೇಲೆ ಬಂತು.

ನಾನು ಕೇಳಿದ ಕಾರು ಆಗಿದ್ದರೆ ಆ ಕಲ್ಲಿನ ಮೇಲೆ ಕೂರುತ್ತಿತ್ತು. ಇದನ್ನು ಇವರು ಈವರೆಗೆ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಅದು ಮೂರನೇ ಪುಣ್ಯ.

ಆಸ್ಪತ್ರೆ ಸೇರಿ ಒಂದು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ನರ್ಸಮ್ಮ ಇವರ ಅಂಗಿಯ ಹಿಟ್ಟು ನೋಡಿ, "ಕೈ ಕಾಲು ತೊಳ್ಕೊಂಡು ಬಂದು ಎತ್ಕೊಳ್ಳಿ ಅಜ್ಜಯ್ಯ" ಅಂದರು. ತೊಳೆದುಕೊಂಡು ಬಂದರು, ಎತ್ತಿಕೊಳ್ಳಲಿಲ್ಲ. ಒಂದು ಬೆರಳಿನಿಂದ ಅದರ ಅಂಗೈ ಮುಟ್ಟಿದರು.

ಬೀಗಿತ್ತಿ ಸಂಜೆಗೇ ಬಂದರು. ಕೂಸಿನ ಕಾಲು ಮುಟ್ಟಿ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದರು. "ದಾರೀಲಿ ಎಂತ ತೊಂದ್ರೆ ಆಗ್ಲಿಲ್ಲ ಅಲ್ದಾ?"

"ಇಲ್ಲ ಅಕ್ಕ" ಎಂದೆ. ಹೇಳಿ, ಕಿಟಕಿಯ ಕಡೆ ತಿರುಗಿದೆ. ಸುಳ್ಳು ಹೇಳಿದ್ದನ್ನು ಚೌಡಮ್ಮನ ಮುಂದೆ ಒಪ್ಪಿಕೊಂಡು ತಪ್ಪುಕಾಣಿಕೆ ಹಾಕಿದ್ದೇನೆ. ಅವರ ಮುಂದೆ ಇನ್ನೂ ಆಗಿಲ್ಲ.

ನಾಲ್ಕನೇ ದಿನ ಮನೆಗೆ ಹೊರಟೆವು. ಬೀಗಿತ್ತಿಯೂ ಜೊತೆಗೆ ಬಂದರು, ಕೂಸು ಅವರ ಮಡಿಲಲ್ಲೇ. ಸಾಗರದ ಕಡೆಯ ದಡದಲ್ಲೂ ದಾರಿ ಎರಡಾಗುತ್ತದೆ. ಅಲ್ಲಿ ಇವರು ಕಾರು ನಿಲ್ಲಿಸಿಬಿಟ್ಟರು. ಹಿಂದಿನಿಂದ ಬಂದ ಗಾಡಿಯವನು ಹಾರ್ನ್ ಹೊಡೆದ.

"ಎಂತ ಅಣ್ಣ, ನಿಂತಿದ್ದು? ನಿಮ್ಮನೆ ದಾರಿ ನಿಮ್ಗೇ ಗೊತ್ತಿಲ್ವಾ?" ಎಂದರು ಬೀಗಿತ್ತಿ.

ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇವರು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಕಾದರು. ನಾನು ಬಾಯಿ ತೆರೆಯಲಿಲ್ಲ. ಬಾಯಿಯನ್ನು ನಂಬುವ ಹಾಗಿರಲಿಲ್ಲ. ಕೈ ಮುಂದೆ ಚಾಚಿ, ಬೆರಳಿನಿಂದ ಸೇತುವೆ ತೋರಿಸಿದೆ.