ದುಂಡಗಿರಬೇಕಾದ ಮೂಲೆ

ನನ್ನ ಬದುಕಿನ ಎಂಟು ವರ್ಷ ಒಂದು ದೋಣಿಯ ಬಿರುಕುಗಳನ್ನು ಬರೆಯುವುದರಲ್ಲೇ ಕಳೆದುಹೋಯಿತು. ದೋಣಿ ಎಂದರೆ ಹುಟ್ಟು ಹಾಕುವ ದೋಣಿ ಅಂದುಕೊಳ್ಳಬೇಡಿ. ಕಾರುಗಳನ್ನೂ ಕಾರಿನವರನ್ನೂ ಒಟ್ಟಿಗೇ ಹೊಟ್ಟೆಗೆ ಹಾಕಿಕೊಂಡು, ನಮ್ಮ ಹೈವೇ ಬಸ್ಸುಗಳ ವೇಗದಲ್ಲಿ ಸಮುದ್ರದ ಮೇಲೆ ಓಡುವ ಹಡಗು ಅದು. ಪೂರಾ ಅಲ್ಯೂಮಿನಿಯಂ. ಆಫೀಸಿನಲ್ಲಿ ನಾವು ಅದನ್ನು ದೋಣಿ ಅಂತಲೇ ಕರೆಯುತ್ತಿದ್ದೆವು, ಅಷ್ಟು ಸಲಿಗೆ. ನಾನದನ್ನು ಒಮ್ಮೆಯೂ ಕಂಡವಳಲ್ಲ. ಸಮುದ್ರ ಕಂಡಿದ್ದೇ ಒಂದು ಸಲ, ಮಂಗಳೂರಿಗೆ ಮದುವೆಗೆ ಹೋದಾಗ, ಅದೂ ಬಸ್ಸಿನ ಕಿಟಕಿಯಿಂದ.

ಆಫೀಸು ಇದ್ದದ್ದು ಬಿಟಿಎಂ ಲೇಔಟಿನಲ್ಲಿ, ಒಂದು ಬೇಕರಿಯ ಮೇಲೆ. ಬೆಳಗ್ಗೆ ಹತ್ತಕ್ಕೆ ಕೆಳಗಿನಿಂದ ಬನ್ನಿನ ವಾಸನೆ ಏರಿ ಬರುತ್ತಿತ್ತು, ಹನ್ನೊಂದಕ್ಕೆ ಕರೆಂಟು ಹೋಗುತ್ತಿತ್ತು. ಇದ್ದವರು ಮೂರೇ ಜನ. ಯಜಮಾನರು ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಿಂದ ನಿವೃತ್ತರಾದವರು. ಅವರು ನಮಗೆ ಸಾರ್. ಆಮೇಲೆ ನಾನು. ಮೂರನೆಯವನು ಧಾರವಾಡದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಬಿಳೇಕಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಅವನು ಬಂದದ್ದು ಮೂರನೆಯ ವರ್ಷ. ಮೊದಲೆರಡು ವರ್ಷದ್ದೆಲ್ಲ ನನ್ನ ಕೈಯ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ.

ಯೂರೋಪಿನ ಕಡೆ ಎಲ್ಲೋ ಎರಡು ಊರುಗಳ ನಡುವೆ ಬೇಸಿಗೆಯುದ್ದಕ್ಕೂ ದಿನಕ್ಕೆ ನಾಲ್ಕು ಸಲ ಆ ದೋಣಿ ಓಡುತ್ತಿತ್ತು. ಭಾರ ಕಡಿಮೆಯಿದ್ದರೆ ತಾನೆ ವೇಗ, ಅದಕ್ಕೆ ತಗಡು ತೆಳು. ತಗಡು ತೆಳುವಾದ್ದರಿಂದ ಅಲೆಯ ಏಟಿಗೆ ಬಿರುಕು. ಚಳಿಗಾಲದಲ್ಲಿ ಅಲೆ ದೊಡ್ಡದಾಗಿ, ಓಡಿಸುವ ಹಾಗಿಲ್ಲ ಎಂದಾದಾಗ ಅದನ್ನು ರಿಪೇರಿಗೆ ಕಟ್ಟಿಹಾಕುತ್ತಿದ್ದರು. ಒಬ್ಬ ತಪಾಸಣೆಯವನು ಒಳಗೆ ತೆವಳಿಕೊಂಡು ಹೋಗಿ, ಬಿರುಕು ಕಂಡಲ್ಲೆಲ್ಲ ಬಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೆಗೆದು ಪಟ್ಟಿ ಕಳಿಸುತ್ತಿದ್ದ. ಒಂದೊಂದು ಬಿರುಕಿಗೂ ಹೊಸ ತಗಡಿನ ತುಂಡು ಯಾವ ಅಳತೆಯದು, ಎಲ್ಲಿ ಕೂರಬೇಕು ಎಂದು ನಾವು ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು. ಅಲ್ಲಿ ಯಂತ್ರವೊಂದು ನಮ್ಮ ಫೈಲನ್ನೇ ಓದಿಕೊಂಡು ತಗಡು ಕತ್ತರಿಸುತ್ತಿತ್ತು. ನಾವು ಬರೆದದ್ದೇ ಅಂತಿಮ, ನಡುವೆ ಯಾವ ಮನುಷ್ಯನ ಕೈಯೂ ಇಲ್ಲ.

ಸಾರ್ ಮೊದಲೇ ಹೇಳಿಬಿಟ್ಟಿದ್ದರು. "ನೋಡಿ, ನಮಗೆ ಇರೋದು ಇದೊಂದೇ ದೋಣಿ. ಪಟ್ಟಿ ಉದ್ದ ಇದ್ರೆ ಮೂರು ಕುರ್ಚಿ, ಗಿಡ್ಡ ಆದ್ರೆ ಎರಡು."

ಅಂದಮೇಲೆ ಇನ್ನೇನು? ದೋಣಿ ಚೆನ್ನಾಗಿ ಒಡೆಯಲಿ ಅಂತ ಕಾಯುತ್ತಿದ್ದೆವು. ಡಿಸೆಂಬರಿನಲ್ಲಿ ಪಟ್ಟಿ ಬಂದ ದಿನ ಧಾರವಾಡದವನು ಪುಟ ಎಣಿಸಿ, "ಅಕ್ಕಾರ, ಈ ಸಲ ಭಾಳ ಒಡದೈತ್ರಿ, ಚಿಂತಿಲ್ಲ ಬಿಡ್ರಿ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಈಗ ನೆನೆಸಿಕೊಂಡರೆ ಥೂ ಅನಿಸುತ್ತದೆ. ಆಗ ಅನಿಸುತ್ತಿರಲಿಲ್ಲ. ನನ್ನ ಗಂಡನ ಕಾರ್ಖಾನೆ ಬಾಗಿಲು ಹಾಕಿ ಅವರು ಮನೆಯಲ್ಲಿ ಕೂತು ನಾಲ್ಕು ವರ್ಷವಾಗಿತ್ತು. ವಿಲ್ಸನ್ ಗಾರ್ಡನ್ನಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಡೈರಿ ಸರ್ಕಲ್ ದಾಟುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧ ಆ ಪರದೆಯ ಮುಂದೆ. ಕಣ್ಣು ಉರಿ, ಕತ್ತು ನೋವು, ವರ್ಷಕ್ಕೊಮ್ಮೆ ಕನ್ನಡಕದ ನಂಬರು ಬದಲು. ಆದರೂ ಸಂಸಾರ ನಡೆಯುತ್ತಿದ್ದದ್ದು ಆ ಕುರ್ಚಿಯಿಂದಲೇ.

ಆಯುಧಪೂಜೆ ನಮ್ಮಲ್ಲಿ ಜೋರು. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಸಾರ್ ಅವರ ಹಳೆಯ ಡ್ರಾಯಿಂಗ್ ಪೆಟ್ಟಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ನಡುವೆ ಒಂದು ಮಣೆಯ ಮೇಲೆ ದೋಣಿಯ ಮೂಲ ಡ್ರಾಯಿಂಗುಗಳ ಸುರುಳಿ. ಮೊದಲ ವರ್ಷ ಕೊರಿಯರಿನಲ್ಲಿ ಬಂದ ನೀಲಿ ಪ್ರಿಂಟುಗಳು ಅವು. ಅವನ್ನು ನೋಡಿ ನಾನು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ ಮೇಲೆ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲೆ ಇಟ್ಟಿದ್ದೆವು. ವರ್ಷಕ್ಕೊಂದು ದಿನ ಕೆಳಗಿಳಿಸಿ ಪೂಜೆ ಮಾಡಿ ಮತ್ತೆ ಮೇಲಿಡುತ್ತಿದ್ದೆವು. ಬಿಚ್ಚಿ ನೋಡಿದವರು ಯಾರೂ ಇಲ್ಲ. ಬೇಕಾದದ್ದೆಲ್ಲ ಫೈಲಿನಲ್ಲಿತ್ತು. ಕಳೆದ ವರ್ಷದ ಫೈಲು ತೆಗೆದು ನಕಲು ಮಾಡಿ ಈ ವರ್ಷದ್ದನ್ನು ಬರೆಯುವುದು, ಮುಂದಿನ ವರ್ಷ ಇದರ ನಕಲು.

ಐದನೆಯದೋ ಆರನೆಯದೋ ಪೂಜೆ. ಸಾರ್ ತೆಂಗಿನಕಾಯಿ ಒಡೆದರು. ಹೊರಗೆ ಹೋಗಿ ಒಡೀರಿ ಅಂದಿದ್ದೆ, ಕೇಳಬೇಕಲ್ಲ! ಮಚ್ಚಿನ ಹಿಂಬದಿಯಿಂದ ಒಂದೇ ಏಟು, ಕಾಯಿಯ ನೀರು ಪೂರ್ತಿ ಸುರುಳಿಯ ಮೇಲೆ. "ಅಯ್ಯೋ, ನೀವೊಬ್ರು ಸಾರ್!" ಎಂದು ಗದರಿದೆ. ಅವರು ನಕ್ಕರು. ಪೂಜೆ ಮುಗಿದು ಧಾರವಾಡದವನು ಊರಿನ ಬಸ್ಸಿಗೆ ಹೊರಟ. ಹೆಂಡತಿ ತುಂಬಿದ ಬಸುರಿ, ಊರಲ್ಲಿ ಕುಬಸ ಇಟ್ಟುಕೊಂಡಿದ್ದರು. ನಾನು ಸುರುಳಿ ಬಿಚ್ಚಿ, ಹಾಳೆಗಳನ್ನು ಒಂದೊಂದಾಗಿ ಫ್ಯಾನಿನ ಕೆಳಗೆ ಹರಡಿದೆ.

ನಾಲ್ಕನೆಯ ಹಾಳೆ ಕೊರಿಯರಿನಲ್ಲೇ ಹರಿದು ಬಂದದ್ದು. ಅವತ್ತು ಸಾರ್ ಅದಕ್ಕೆ ಕಂದು ಕಾಗದದ ಗಂ ಟೇಪು ಹಚ್ಚಿದ್ದರು. ಈಗ ನೀರು ಬಿದ್ದು ಟೇಪು ಉಬ್ಬಿ ಸರಿದಿತ್ತು. ಅದರಡಿಯಲ್ಲಿ ಕಾರುಗಳು ನಿಲ್ಲುವ ನೆಲದ ಕೆಳಗಿನ ತೊಲೆ. ತೊಲೆಯಲ್ಲಿ ಕೊಳವೆ ಹಾಯಲು ಒಂದು ಕಿಂಡಿ. ಕಿಂಡಿಯ ನಾಲ್ಕೂ ಮೂಲೆ ದುಂಡಗೆ, ಪಕ್ಕದಲ್ಲಿ ದುಂಡಿನ ಅಳತೆ.

ಆ ಮೂಲೆಗಳನ್ನು ನಾನು ಚೌಕ ಬರೆದಿದ್ದೆ. ಟೇಪಿನಡಿ ಕಾಣದ್ದನ್ನು ಕೇಳಿ ತಿಳಿಯದೆ, ನೇರ ಗೆರೆ ಎಳೆದು ಸೇರಿಸಿಬಿಟ್ಟಿದ್ದೆ. ದೋಣಿಗೆ ಒಡಲು ಎರಡು, ಅಕ್ಕಪಕ್ಕ ಎರಡು ದೋಣಿ ಜೋಡಿಸಿದ ಹಾಗೆ. ಒಂದು ಕಡೆಯದನ್ನು ಬರೆದು ಇನ್ನೊಂದಕ್ಕೆ ಕನ್ನಡಿ ಹಿಡಿದ ಹಾಗೆ ತಿರುಗಿಸಿದರಾಯಿತು, ಒಂದು ತಪ್ಪು ಹೋಗಿ ಎರಡು. ಆ ಮೊದಲ ಚಳಿಗಾಲವೇ ಆ ತೊಲೆಗಳನ್ನು ಗಟ್ಟಿ ತಗಡಿನಲ್ಲಿ ಬದಲಾಯಿಸಿದ್ದರು, ನನ್ನ ಫೈಲಿನಂತೆ. ಚೌಕ ಮೂಲೆ ಎಂದರೆ ಚೂಡಿದಾರದ ಪಕ್ಕದ ಸೀಳಿದ್ದ ಹಾಗೆ, ಎಳೆತವೆಲ್ಲ ಅಲ್ಲಿಗೇ ಬಂದು ಹರಿಯುತ್ತದೆ. ಆ ವರ್ಷದಿಂದ ಪಟ್ಟಿಯ ಅರ್ಧಕ್ಕರ್ಧ ಅದೇ ಮೂಲೆಗಳದ್ದು. ಅಲ್ಲಿಂದ ಹೊರಟ ಬಿರುಕು ಅಕ್ಕಪಕ್ಕಕ್ಕೂ ಹಬ್ಬುತ್ತಿತ್ತು. ಪ್ರತಿ ವರ್ಷ ತೇಪೆ ಹಾಕಿಸುತ್ತಿದ್ದೆವು, ತೇಪೆಯ ಮೂಲೆಯೂ ಚೌಕವೇ.

ನಮ್ಮ ಮೂರನೆಯ ಕುರ್ಚಿ ನನ್ನ ತಪ್ಪಿನ ಮೇಲೆ ನಿಂತಿತ್ತು. ಸತ್ಯ ಹೇಳಿದರೆ ಯಾರೋ ಒಬ್ಬರು ಏಳಬೇಕು.

ಮಾರನೆಯ ಬೆಳಗ್ಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಗಂಡನಿಗೆ ಎಲ್ಲ ಹೇಳಿದೆ. ಅವರು ಕತ್ತೆತ್ತದೆ ಕೇಳಿದರು. "ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಇಲ್ಲ. ವರ್ಷಾವರ್ಷ ಬೆಸುಗೆ ಹಾಕ್ತಾರಲ್ಲ."

"ಮತ್ತೆ ಸುಮ್ನಿರು. ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳೋದಾ?"

ಸುಮ್ಮನಿದ್ದೆ. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸುಳ್ಳು ಯಾಕೆ, ಅದೇನೂ ಕಷ್ಟವಾಗಲಿಲ್ಲ. ದಣಿದವರಿಗೆ ಸುಮ್ಮನಿರುವುದು ಬಹಳ ಸುಲಭ.

ಡಿಸೆಂಬರಿನಲ್ಲಿ ಪಟ್ಟಿ ಬಂತು. ಅವತ್ತು ಧಾರವಾಡದವನು ರಜೆಯಲ್ಲಿದ್ದ, ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತ್ತು. ಫೋಟೋಗಳನ್ನು ನಾನೇ ಒಂದೊಂದಾಗಿ ತೆರೆದೆ. ಅದೇ ಕಿಂಡಿ, ಅದೇ ಮೂಲೆ, ಬಿರುಕು ಈ ಸಲ ಗೇಣುದ್ದ. ಸುತ್ತ ಹಳೆಯ ವರ್ಷಗಳ ಬಣ್ಣದ ಸುತ್ತುಗಳು, ಒಂದರ ಮೇಲೊಂದು. ಪಕ್ಕದಲ್ಲಿ ಯಾರೋ ಚಾಕಿನಲ್ಲಿ ಅವರ ಭಾಷೆಯಲ್ಲಿ ಒಂದು ಪದ ಬರೆದಿದ್ದರು. ಸಾರ್ ಅವರಿಗೆ ತೋರಿಸಿದೆ. ಅವರಿಗೂ ಗೊತ್ತಾಗದೆ, ಅಲ್ಲಿಯವರಿಗೆ ಫೋನು ಮಾಡಿದಾಗ ಇದೇನು ಅಂತ ಕೇಳಿದರು.

"‘ಮತ್ತೆ’ ಅಂತ ಬರ್ದಿದಾನಂತೆ. ಬೆಸುಗೆಯವನು. ಪ್ರತಿ ವರ್ಷ ಅವನೇ ಅಂತೆ ಅಲ್ಲಿಗೆ ಹೋಗೋದು, ಮಲ್ಕೊಂಡೇ ಕೆಲಸ ಮಾಡ್ಬೇಕು, ಕೂರೋಕೂ ಜಾಗ ಇಲ್ವಂತೆ."

ಆ ಒಂದು ಪದ ನನ್ನ ತಲೆ ತಿನ್ನತೊಡಗಿತು. ಬೈಗುಳ ಬರೆದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಅವನ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಆದರೆ ಸಾಕಾಗಿ ಹೋದವನೊಬ್ಬ ಬರೆದ ಪದ ಅದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವರ್ಷಾವರ್ಷ ಚಳಿಯಲ್ಲಿ ಬೆನ್ನ ಮೇಲೆ ಮಲಗಿ ಅವನು ಹೊಲಿಯುತ್ತಿದ್ದದ್ದು ನಾನು ಹರಿದದ್ದನ್ನು. ಮೇಲೆ ಮಕ್ಕಳು ಮರಿ ಕೂತ ಕಾರುಗಳು.

ಬೀರುವಿನ ಮೇಲಿನ ಸುರುಳಿ ಇಳಿಸಿ ಸಾರ್ ಮುಂದೆ ನಾಲ್ಕನೆಯ ಹಾಳೆ ಬಿಚ್ಚಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಟೇಪ್ ಹಚ್ಚಿದ್ದು ನಾನೇ ಅಲ್ವೇನಮ್ಮಾ" ಎಂದರು.

"ಗೆರೆ ಎಳೆದಿದ್ದು ನಾನು ಸಾರ್."

"ಹೇಳಿದ್ರೆ ಏನಾಗತ್ತೆ ಗೊತ್ತಲ್ಲ?"

"ಗೊತ್ತು. ನೀವು ಕಳಿಸದಿದ್ರೆ ನಾನೇ ಕಳಿಸ್ತೀನಿ."

ಅವತ್ತೇ ಎರಡೂ ಒಡಲಿನ ಮೂಲೆಗಳನ್ನು ದುಂಡಗೆ ಬರೆದೆ. ತೇಪೆ ಬೇಡ, ಪೂರ್ತಿ ತೊಲೆ ಬದಲಾಯಿಸಿ, ಮೊದಲ ವರ್ಷ ನಾನು ಬರೆದದ್ದರಲ್ಲೇ ತಪ್ಪಿತ್ತು ಎಂದು ಕೆಳಗೆ ಬರೆದು ಕಳಿಸಿದೆವು. ಬೈದು ಪತ್ರ ಬರುತ್ತದೆಂದು ಎರಡು ದಿನ ಕಾದೆ. ಬಂದದ್ದು ಒಂದೇ ಸಾಲು: ಬದಲಾಯಿಸುತ್ತಿದ್ದೇವೆ, ವಂದನೆಗಳು.

"ಅವನಿಗೆ ಇದೆಲ್ಲ ಹೇಳ್ಬೇಡ. ಈಗಿನ್ನೂ ಮಗು ಆಗಿದೆ, ಗಾಬರಿ ಆಗ್ತಾನೆ" ಎಂದರು ಸಾರ್. ಆಯಿತು ಎಂದೆ. ಹಾಗೆ ಅವರು ಹೇಳಿದ್ದು ನನಗೆ ಅನುಕೂಲವೇ ಆಯಿತು.

ಮುಂದಿನ ಬೇಸಿಗೆ ದೋಣಿ ಓಡಿತು. ಡಿಸೆಂಬರಿನಲ್ಲಿ ಪಟ್ಟಿ ಬಂದಾಗ ಧಾರವಾಡದವನು ಎಂದಿನಂತೆ ಪುಟ ಎಣಿಸಲು ಕೂತ, ಎಣಿಸುವುದಕ್ಕೆ ಏನಿತ್ತು? ಮೂರು ಪುಟ. ಆ ಕಿಂಡಿಯ ಫೋಟೋ ಒಂದೂ ಇಲ್ಲ. "ಏನ್ರೀ ಅಕ್ಕಾರ, ದೋಣಿ ಒಮ್ಮಿಗೇ ಗಟ್ಟಿ ಆತು?" ಎಂದು ಅವನು ನಕ್ಕ. ನನಗೆ ಒಂದು ಗಳಿಗೆ ಹೆಮ್ಮೆಯಾಯಿತು. ನಿಜವಾಗಿ ಆಯಿತು. ಆ ಬೆಸುಗೆಯವನಿಗೆ ಈ ವರ್ಷ ಅಲ್ಲಿಗೆ ತೆವಳುವುದು ತಪ್ಪಿತಲ್ಲ ಅನಿಸಿತು.

ಮಧ್ಯಾಹ್ನ ಸಾರ್ ನನ್ನನ್ನು ಒಳಗೆ ಕರೆದರು. "ಇಬ್ರನ್ನ ಇಟ್ಕೊಳಕ್ಕಾಗಲ್ಲಮ್ಮ. ನೀನು ಮೊದಲಿಂದ ಇದೀಯ. ಅವನಿಗೆ ಹೇಳ್ತೀನಿ" ಎಂದರು.

ತಪ್ಪು ನಂದು ಸಾರ್, ನಾನು ಹೋಗ್ತೀನಿ. ಈ ಮಾತು ನನ್ನ ಬಾಯಿಗೆ ಬಂದಿತ್ತು ಎಂದು ಹೇಳಿಕೊಳ್ಳಬಹುದು, ಕೇಳಿದವರು ನಂಬಿಯಾರು. ಬಂದಿರಲಿಲ್ಲ. ಬಂದದ್ದು ಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತ ಗಂಡನ ನೆನಪು. "ಸರಿ ಸಾರ್" ಎಂದೆ.

ತಿಂಗಳ ಕೊನೆಯ ದಿನ ಅವನು ಡ್ರಾಯರು ಖಾಲಿ ಮಾಡಿದ. ಒಂದು ಬಾಚಣಿಗೆ, ಮಗಳ ಫೋಟೋ, ಒಂದು ಸ್ಕೇಲು. ಮೂರನ್ನೂ ಚೀಲಕ್ಕೆ ಹಾಕಿ ನನ್ನ ಮೇಜಿನ ಹತ್ತಿರ ಬಂದು ನಿಂತ. ಸಾರ್ ಕೆಳಗೆ ಬೇಕರಿಗೆ ಹೋಗಿದ್ದರು.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಆ ಕಿಂಡಿ ತೇಪಿ ಎಲ್ಲಾ ನಾನ ಬರೀತಿದ್ನಲ್ರಿ. ನನ್ನ ಕೆಲಸದಾಗ ಏನರ ತಪ್ಪಿತ್ತೇನ್ರಿ? ಖರೇ ಹೇಳ್ರಿ, ಬ್ಯಾಸರ ಮಾಡ್ಕೊಳಂಗಿಲ್ಲ. ಮುಂದ ಎಲ್ಲೆರ ಸೇರಿದ್ರ ತಿದ್ಕೋತೀನಿ."

ಬೀರುವಿನ ಮೇಲೆ ಸುರುಳಿ ಇತ್ತು. ಕುಂಕುಮ ಹಾಗೇ ಇತ್ತು. ನಾಲ್ಕನೆಯ ಹಾಳೆ ತೆಗೆದು ತೋರಿಸಲು ಎರಡು ನಿಮಿಷ ಸಾಕಿತ್ತು. ಸಮುದ್ರದಾಚೆಯವರಿಗೆ ನನ್ನ ತಪ್ಪು ಎಂದು ಬರೆದು ಕಳಿಸಿದವಳು ನಾನೇ.

"ಇಲ್ಲಪ್ಪಾ, ನಿಂದೇನೂ ತಪ್ಪಿಲ್ಲ" ಎಂದೆ.

ಯಾರದು ಎಂದು ಅವನು ಕೇಳಲಿಲ್ಲ. ಮುಖ ಅರಳಿತು. "ಅಷ್ಟ ಸಾಕ್ರಿ ಅಕ್ಕಾರ" ಎಂದು ಕೈಮುಗಿದು ಮೆಟ್ಟಿಲಿಳಿದ. ನಾನು ಕನ್ನಡಕ ಒರೆಸಿಕೊಂಡು ಎರಡನೆಯ ಪುಟದ ಬಿರುಕು ಬರೆಯಲು ಕೂತೆ.